ಮೈಸೂರು ಬಿಟ್ಟು ಕಾಸರಗೋಡಲ್ಲೇ ಶಾಲಾ ಪ್ರವಾಸ: ಈ ಕರಾವಳಿಗೆ ಯಾರು ಎಲ್ಲಿಂದ ಬಂದರು ಅಂತ ಮಕ್ಕಳಿಗೆ ತೋರಿಸಲು ದಾರಿ ಹೇಳಿ

ಬದಿಯಡ್ಕದ ಟೀಚರ್:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ಸ್ವಲ್ಪ ಒಳಗಿರುವ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಟೂರ್ ಅಂದರೆ ಮೈಸೂರು. ಅರಮನೆ, ಝೂ, ಸಂಜೆ ಬೃಂದಾವನ, ಮತ್ತೆ ಬಸ್ಸಿನಲ್ಲಿ ನಿದ್ದೆಗೆಟ್ಟು ವಾಪಸ್. ಮಕ್ಕಳಿಗೆ ಖುಷಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಲ ಒಂಬತ್ತನೆಯ ತರಗತಿಯನ್ನು ನಮ್ಮ ಜಿಲ್ಲೆಯಲ್ಲೇ ಸುತ್ತಿಸಬೇಕು ಅಂತ ಮನಸ್ಸಾಗಿದೆ.

ಕಾರಣ ಹೇಳುತ್ತೇನೆ. ವಲಸೆಯ ಪಾಠ ಮಾಡುವಾಗ, ನಿಮ್ಮ ಮನೆಯ ಹಿರಿಯರು ಈ ಊರಿಗೆ ಎಲ್ಲಿಂದ ಬಂದದ್ದು ಅಂತ ಕೇಳಿಕೊಂಡು ಬನ್ನಿ ಅಂದಿದ್ದೆ. ಮರುದಿನ ಪಿರಿಯಡ್ ಸಾಲಲೇ ಇಲ್ಲ. ಕರಾಡರ ಮನೆಯ ಹುಡುಗಿ, ‘ಅಜ್ಜಿ ಹೇಳಿದ್ರು, ನಾವು ಸಾತಾರಾ ಕಡೆಯ ಕರ್‍ಹಾಡದವರಂತೆ’ ಅಂದಳು. ಕೊಂಕಣಿ ಮನೆಯವನು ಗೋವೆ ಅಂದ. ಮರಾಟಿ ನಾಯ್ಕರ ಹುಡುಗ ಮನೆಯಲ್ಲಿ ಆಡುವ ಮರಾಠಿಯಲ್ಲಿ ನಾಲ್ಕು ಮಾತು ಹೇಳಿ ತೋರಿಸಿದ. ಅಷ್ಟು ವರ್ಷ ಒಟ್ಟಿಗೆ ಕೂತವರಿಗೆ ಅವನ ಮನೆಮಾತು ಅದು ಅಂತ ಗೊತ್ತೇ ಇರಲಿಲ್ಲ! ಒಬ್ಬಳು ಮಾತ್ರ, ‘ನಾವು ಎಲ್ಲಿಂದಲೂ ಬರ್ಲಿಲ್ಲ, ಮೊದಲಿಂದ ಇಲ್ಲೇ ಇದ್ದೇವೆ’ ಅಂದಳು. ಇಲ್ಲಿನ ಆದಿವಾಸಿಗಳಾದ ಕೊರಗರ ಮನೆಯ ಹುಡುಗಿ.

ಕೊನೆಯ ಬೆಂಚಿನಲ್ಲಿ ಗದಗ ಕಡೆಯ ಒಬ್ಬ ಹುಡುಗ ಇದ್ದಾನೆ. ಅಪ್ಪ ಅಮ್ಮ ಇಬ್ಬರೂ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುತ್ತಾರೆ. ಅವನು ನಿಂತು ಕೇಳಿದ: ‘ಟೀಚರ್, ನಾವು ಬಂದಿದ್ದು ಸೈತ ಲೆಕ್ಕಕ್ಕೆ ಬರ್ತೈತೇನ್ರೀ? ನಾವು ಮೊನ್ನೆ ಮೊನ್ನೆ ಬಂದವರು.’

ಬರ್ತದೆ ಅಂದೆ. ಆದರೆ ಬರೀ ಬಾಯಿಮಾತಲ್ಲಿ ಹೇಳಿದರೆ ಸಾಲದು ಅಂತ ಆವತ್ತಿನಿಂದ ಅನ್ನಿಸುತ್ತಿದೆ. ಭಾಷಣ ಸ್ಪರ್ಧೆಯಲ್ಲಿ ‘ಸಪ್ತ ಭಾಷೆಗಳ ಸಂಗಮ ಭೂಮಿ’ ಅಂತ ನಮ್ಮ ಮಕ್ಕಳು ಸೊಗಸಾಗಿ ಹೇಳುತ್ತಾರೆ. ಆ ಭಾಷೆಗಳನ್ನು ಹೊತ್ತು ತಂದವರು ಯಾರು, ಹಡಗಿನಲ್ಲಿ ಬಂದರೋ ನಡೆದು ಬಂದರೋ, ಯಾಕೆ ಬಂದರು, ಅದು ಗೊತ್ತಿಲ್ಲ.

ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಪಿ.ಟಿ.ಎ. (ಹೆತ್ತವರ ಮತ್ತು ಟೀಚರುಗಳ ಸಂಘ) ಮೀಟಿಂಗಿನಲ್ಲಿ ಮಾತ್ರ ‘ಬೇಕಲ ಕೋಟೆ ಎಲ್ಲರೂ ನೋಡಿದ್ದೇ ಅಲ್ವಾ, ಅದಕ್ಕೆ ದುಡ್ಡು ಯಾಕೆ’ ಅಂದರು. ಶಾಲೆಯ ಬಸ್ ಸಿಗುತ್ತದೆ. ಎಲ್ಲಿಗೆ ಹೋಗಬೇಕು, ಅಲ್ಲಿ ಏನು ತೋರಿಸಬೇಕು, ಯಾರ ಹತ್ತಿರ ಮಾತಾಡಿಸಬೇಕು? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಮಂಜೇಶ್ವರದ ಮಾಷ್ಟ್ರು:

ಟೀಚರೇ, ನಿಮ್ಮ ಪ್ರಶ್ನೆ ಓದಿ ತುಂಬ ಸಂತೋಷವಾಯಿತು. ನಾನೂ ಸಮಾಜ ಪಾಠ ಮಾಡಿಯೇ ರಿಟೈರ್ ಆದವನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಒಂದು ಮಾತು. ಜಾಸ್ತಿ ಜಾಗ ಸೇರಿಸಬೇಡಿ. ಒಂದು ದಿನಕ್ಕೆ ಮೂರೋ ನಾಲ್ಕೋ ಸಾಕು. ಬಡಗಿಗೆ (ಉತ್ತರಕ್ಕೆ) ಒಂದು ದಿನ, ತೆಂಕಿಗೆ (ದಕ್ಷಿಣಕ್ಕೆ) ಒಂದು ದಿನ. ರಾತ್ರಿ ಮನೆಯಲ್ಲೇ ಮಲಗಲಿ. ಆಗ ಖರ್ಚಿನ ತಕರಾರೂ ಇಲ್ಲ.

ಬಡಗಿನ ದಿನ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಿಂದ ಶುರು ಮಾಡಿ. ‘ರಾಷ್ಟ್ರಕವಿ’ ಅಂತ ಹೇಳಿ ಫೋಟೋ ತೆಗೆದು ಬರುವುದಲ್ಲ. ಆ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಕೇಳಿ: ಇವರ ಮನೆಮಾತು ಯಾವುದು? ಕೊಂಕಣಿ. ಬರೆದದ್ದು? ಕನ್ನಡ. ಸುತ್ತಲಿನ ಮಾತು? ತುಳು, ಮಲಯಾಳ, ಇಲ್ಲಿನ ಬ್ಯಾರಿ ಮುಸ್ಲಿಮರ ಬ್ಯಾರಿ. 1949ರಲ್ಲಿ ರಾಷ್ಟ್ರಕವಿ ಅಂತ ಗೌರವ ಕೊಟ್ಟದ್ದು ಮದ್ರಾಸ್ ಸರಕಾರ. ಯಾಕೆಂದರೆ ಆಗ ನಮ್ಮದು ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸಿಗೆ ಸೇರಿದ್ದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. 1963ರಲ್ಲಿ ಪೈಗಳು ತೀರಿಕೊಂಡರು. ಮನೆ ಅದೇ, ಅಂಗಳ ಅದೇ, ರಾಜ್ಯ ಮಾತ್ರ ಬೇರೆ. ಜನ ಗಡಿ ದಾಟುವುದು ಒಂದು ಕಥೆಯಾದರೆ, ಗಡಿಯೇ ಜನರನ್ನು ದಾಟಿ ಹೋಗುವುದು ಇನ್ನೊಂದು. ನಮ್ಮ ಮಕ್ಕಳು ಕೇರಳದಲ್ಲಿದ್ದು ಕನ್ನಡದಲ್ಲಿ ಯಾಕೆ ಕಲಿಯುತ್ತಿದ್ದಾರೆ ಅನ್ನುವುದಕ್ಕೆ ಉತ್ತರ ಆ ಜಗಲಿಯಲ್ಲೇ ಉಂಟು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಹೇಳಿದ್ದು, ಅದು ಜಾರಿಗೆ ಬಾರದೆ ಹೋದದ್ದು, ಅದನ್ನೂ ಹೇಳಿ. ಒಂಬತ್ತನೆಯ ಮಕ್ಕಳಿಗೆ ಅರ್ಥವಾಗುತ್ತದೆ.

ಅಲ್ಲಿಂದ ಅನಂತೇಶ್ವರ ದೇವಸ್ಥಾನ. ಕೊಂಕಣಿ ಆಡುವ ಗೌಡ ಸಾರಸ್ವತರಿಗೆ ಇದು ದೊಡ್ಡ ಕ್ಷೇತ್ರ. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದರು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಮತವಿಚಾರಣೆ, ಶುರುವಾಯಿತು. ಆ ಕಾಲದಲ್ಲಿ ಕರಾವಳಿ ಹಿಡಿದು ತೆಂಕಿಗೆ ಬಂದ ಕುಟುಂಬಗಳು ಇಲ್ಲಿಂದ ಕೊಚ್ಚಿಯವರೆಗೂ ನೆಲೆ ನಿಂತಿವೆ. ಅದೇ ಗೋವೆಯಿಂದ ಕೊಂಕಣಿ ಆಡುವ ಕ್ರೈಸ್ತರೂ ಬಂದರು. ನಿಮ್ಮ ಹತ್ತಿರದ ಬೇಳ ಊರಿನ ಇಗರ್ಜಿಗೆ ಹೋಗುವವರು ಅವರೇ. ಅವರ ಇಗರ್ಜಿಗಳು ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಬದುಕಿ ಉಳಿದವರು 1799ರ ನಂತರ ಮರಳಿ ಬಂದರು. ಬೇಳದ ಮಗು ನಿಮ್ಮ ತರಗತಿಯಲ್ಲಿದ್ದರೆ ಮನೆಯಲ್ಲಿ ಕೇಳಿ ಬರಲು ಹೇಳಿ.

ಹತ್ತಿರದಲ್ಲೇ ಬಂಗ್ರಮಂಜೇಶ್ವರದಲ್ಲಿ ಜೈನ ಬಸದಿ ಇದೆ. ಸಮಯ ಇದ್ದರೆ ನೋಡಿ, ಇಲ್ಲದಿದ್ದರೆ ಬಿಡಿ. ಆದರೆ ಉದ್ಯಾವರ ಬಿಡಬೇಡಿ. ಅಲ್ಲಿನ ಮಾಡದ (ದೈವಸ್ಥಾನದ) ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮೊದಲು ಪಾತ್ರಿಗಳು (ದೈವ ಮೈಮೇಲೆ ಬರುವವರು) ಶುಕ್ರವಾರ ಉದ್ಯಾವರ ಸಾವಿರ ಜಮಾಅತ್ ಮಸೀದಿಗೆ ಹೋಗಿ ಕರೆಯ ಹೇಳುತ್ತಾರೆ. ಮಸೀದಿಯವರು ಅವರನ್ನು ಮರ್ಯಾದೆಯಿಂದ ಬರಮಾಡಿಕೊಳ್ಳುತ್ತಾರೆ. ನೀವು ಹೋಗುವ ದಿನ ಅದು ನೋಡಲು ಸಿಗಲಿಕ್ಕಿಲ್ಲ. ಆದರೆ ಮಾಡದಿಂದ ಮಸೀದಿಯ ತನಕ ಆ ದಾರಿಯಲ್ಲಿ ಮಕ್ಕಳನ್ನು ನಡೆಸಿ. ಪಾಠದಲ್ಲಿ ನಾವು ಸೌಹಾರ್ದ ಅಂತ ಬರೆಸುತ್ತೇವೆ. ಇಲ್ಲಿ ಅದು ವರ್ಷ ವರ್ಷ ನಡೆಯುವ ಒಂದು ಕೆಲಸ.

ಕುಂಬಳೆಯಲ್ಲಿ ಹೊಳೆ ಕಡಲಿಗೆ ಸೇರುವ ಕಡೆ ಸ್ವಲ್ಪ ಹೊತ್ತು ನಿಲ್ಲಿಸಿ. ಈಗ ಅಲ್ಲಿ ಮೀನಿನ ದೋಣಿಗಳು ಮಾತ್ರ. 1514ರ ಹೊತ್ತಿಗೆ ಬಾರ್ಬೋಸಾ ಅನ್ನುವ ಪೋರ್ಚುಗೀಸ್ ಪ್ರವಾಸಿ ಇಲ್ಲಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗುವುದನ್ನು, ಅಲ್ಲಿಂದ ತೆಂಗಿನ ನಾರು ಬರುವುದನ್ನು ಬರೆದಿದ್ದಾನೆ. ಅಕ್ಕಿ ಹೋಗಿ ನಾರು ಬರುವ ಕಡೆ ಮನುಷ್ಯರೂ ಹೋಗಿ ಬಂದೇ ಇರುತ್ತಾರೆ ಅಲ್ವಾ? ಆರಿಕ್ಕಾಡಿಯ ಪಾರೆಸ್ಥಾನ ಅಲ್ಲೇ ಹತ್ತಿರ. ಅಲ್ಲಿ ಆಲಿ ಭೂತ ಕಟ್ಟುತ್ತಾರೆ. ಭೂತವಾದವನು ಮುಸ್ಲಿಂ. ಮೊಗವೀರರು ನಂಬುವ ಬೊಬ್ಬರ್ಯ ದೈವದ ಪಾಡ್ದನದಲ್ಲೂ (ತುಳುವಿನ ಕಥೆ ಹಾಡು) ತಂದೆ ಬ್ಯಾರಿ ವ್ಯಾಪಾರಿ. ಕಡಲಿನಿಂದ ಬಂದವರನ್ನು ಈ ನೆಲ ಬರೀ ಗಿರಾಕಿಗಳಾಗಿ ಕಾಣಲಿಲ್ಲ, ದೈವವಾಗಿ ಕೋಲ ಕೊಟ್ಟಿತು. ನನಗೆ ಈ ಇಡೀ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಪ್ರೀತಿಯ ವಿಷಯ ಇದು.

ತೆಂಕಿನ ದಿನ ತಳಂಗರೆ, ಚಂದ್ರಗಿರಿ ಕೋಟೆ, ಬೇಕಲ. ಪಿ.ಟಿ.ಎ.ಯವರಿಗೆ ಹೇಳಿ, ಬೇಕಲವನ್ನು ಎಲ್ಲರೂ ನೋಡಿದ್ದಾರೆ, ಆದರೆ ಅದರೊಳಗೆ ಯಾರಿದ್ದರು ಅಂತ ಕೇಳಿದವರು ಕಡಿಮೆ. ಕಟ್ಟಿಸಿದ್ದು ಇಕ್ಕೇರಿಯ ಶಿವಪ್ಪ ನಾಯಕ, 17ನೆಯ ಶತಮಾನದಲ್ಲಿ. ಕೋಟೆ ಕಾಯಲು ಘಟ್ಟದ ಮೇಲಿನ ಅರಸರು ಇರಿಸಿದ ಕೋಟೆಯಾರರು, ಅಂದರೆ ರಾಮಕ್ಷತ್ರಿಯರು, ಕನ್ನಡದವರು. ಬೇಕಲ, ಹೊಸದುರ್ಗದ ಕಡೆ ಅವರ ಮನೆಗಳು ಈಗಲೂ ಇವೆ. ಸುತ್ತ ಮಲಯಾಳ, ಮನೆಯೊಳಗೆ ಕನ್ನಡ. ಆಮೇಲೆ ಹೈದರ್, ಟಿಪ್ಪು, 1799ರ ನಂತರ ಇಂಗ್ಲಿಷರು. ಕೋಟೆಯ ಬಾಗಿಲಲ್ಲೇ ಮುಖ್ಯಪ್ರಾಣನ ಗುಡಿ, ಹತ್ತಿರದಲ್ಲೇ ಮಸೀದಿ. ಸೈನಿಕರು ಎಲ್ಲೆಲ್ಲಿಂದ ಬಂದಿದ್ದರು ಅಂತ ಮಕ್ಕಳೇ ಊಹಿಸಲಿ.

ಗದಗದ ಹುಡುಗನ ವಿಷಯ. ಪ್ರವಾಸ ಹೊರಡುವ ಮೊದಲೇ ಅವನ ಅಪ್ಪನನ್ನು ಶಾಲೆಗೆ ಕರೆಯಿರಿ. ಕಾಸರಗೋಡಿಗೆ ಹೇಗೆ ಬಂದಿರಿ, ಯಾರು ಕರೆದುಕೊಂಡು ಬಂದರು, ಮೊದಲ ರಾತ್ರಿ ಎಲ್ಲಿ ಮಲಗಿದಿರಿ ಅಂತ ಮಕ್ಕಳು ಕೇಳಲಿ. ಶಿವಪ್ಪ ನಾಯಕನ ಸೈನಿಕರನ್ನು ಈಗ ಹಾಗೆ ಕೇಳಲು ಆಗುವುದಿಲ್ಲ. ಇವರನ್ನು ಕೇಳಬಹುದು.

ತಳಂಗರೆಯವ:

ಅಸ್ಸಲಾಮು ಅಲೈಕುಂ, ನಮಸ್ಕಾರ ಟೀಚರ್. ನಾನು ಕಾಸರಗೋಡು ಪೇಟೆಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವನು, ಈಗ ಶಾರ್ಜಾದಲ್ಲಿದ್ದೇನೆ.

ತಳಂಗರೆಗೆ ಬರುವ ಮೊದಲು ಮಾಲಿಕ್ ದೀನಾರ್ ಮಸೀದಿಯ ಕಮಿಟಿಯವರಿಗೆ ಶಾಲೆಯಿಂದ ಒಂದು ಪತ್ರ ಕೊಡಿ. ಹುಡುಗಿಯರಿಗೆ ಎಲ್ಲಿಯವರೆಗೆ ಪ್ರವೇಶ ಅಂತ ಅವರನ್ನೇ ಕೇಳಿ. ಶುಕ್ರವಾರ ಬೇಡ. ಅರಬ್ ದೇಶದಿಂದ ಬಂದ ಮಾಲಿಕ್ ದೀನಾರ್ ಮತ್ತು ಅವರ ಜೊತೆಯವರು ಈ ಕರಾವಳಿಯಲ್ಲಿ ಅಲ್ಲಲ್ಲಿ ಮಸೀದಿ ಕಟ್ಟಿಸಿದರು ಅನ್ನುವುದು ನಮ್ಮ ಹಿರಿಯರಿಂದ ಬಂದ ನಂಬಿಕೆ. ತಳಂಗರೆಯಲ್ಲಿ ಅವರ ವಂಶದ ಮಾಲಿಕ್ ಇಬ್ನ್ ಮುಹಮ್ಮದ್ ಅವರ ಕಬರ್ (ಗೋರಿ) ಇದೆ. ಮಕ್ಕಳಿಗೆ ಇದು ನಂಬಿಕೆ, ಇದು ದಾಖಲೆ ಅಂತ ಬಿಡಿಸಿ ಹೇಳಿದರೆ ನಮಗೇನೂ ಬೇಜಾರಿಲ್ಲ.

ಆದರೆ ಮಸೀದಿ ಮಾತ್ರ ನೋಡಿ ಹೋಗಬೇಡಿ, ತೊಪ್ಪಿಯನ್ನೂ ನೋಡಿ. ತಳಂಗರೆ ತೊಪ್ಪಿ ಅಂದರೆ ಒಂದು ಕಾಲದಲ್ಲಿ ಕೊಲ್ಲಿ ದೇಶಗಳಲ್ಲೂ ಹೆಸರು. ನನ್ನ ಉಮ್ಮುಮ್ಮ (ಅಜ್ಜಿ) ಹೊಲಿಯುತ್ತಿದ್ದರು. ಬಿಳಿ ಬಟ್ಟೆ, ಬಿಳಿ ನೂಲು. ಬಿಳಿಯ ಮೇಲೆ ಬಿಳಿ ಹೊಲಿಗೆ ಕಾಣಬೇಕಾದರೆ ಒಳ್ಳೆಯ ಬೆಳಕು ಬೇಕು. ಹಾಗಾಗಿ ಬೆಳಿಗ್ಗೆಯ ಅಡುಗೆ ಮುಗಿಸಿ ಕಿಟಕಿಯ ಪಕ್ಕ ಕೂರುತ್ತಿದ್ದರು. ಹೊಲಿಗೆ ಎಷ್ಟು ಒತ್ತಾಗಿರುತ್ತಿತ್ತು ಅಂದರೆ ತೊಪ್ಪಿ ನೆಲದಲ್ಲಿ ಇಟ್ಟರೆ ಬಾಗದೆ ಹಾಗೇ ನಿಲ್ಲುತ್ತಿತ್ತು. ಹಡಗಿನಲ್ಲಿ ಗಂಡಸರು ಹೋದರು ಅಂತ ಎಲ್ಲರೂ ಹೇಳುತ್ತಾರೆ. ಮನೆ ಬಿಟ್ಟು ಹೊರಗೆ ಹೋಗದ ಹೆಂಗಸರ ಕೈಕೆಲಸವೂ ಅದೇ ಹಡಗಿನಲ್ಲಿ ಹೋಯಿತು. ಈಗ ಹೊಲಿಯುವವರು ತೀರಾ ಕಮ್ಮಿ. ಊರಿನಲ್ಲಿ ವಿಚಾರಿಸಿದರೆ ತೋರಿಸುವವರು ಸಿಗುತ್ತಾರೆ.

ಇನ್ನೊಂದು ಮಾತು. ಬಂದವರದ್ದು ಮಾತ್ರ ಹೇಳಬೇಡಿ ಟೀಚರ್, ಹೋದವರದ್ದೂ ಹೇಳಿ. ನಮ್ಮಲ್ಲಿ ಮೊದಲು ಬೊಂಬಾಯಿ, ಸಿಲೋನ್. ಆಮೇಲೆ ಗಲ್ಫ್. ನಿಮ್ಮ ಮಕ್ಕಳಲ್ಲೇ ಎಷ್ಟೋ ಜನರ ಅಪ್ಪಂದಿರು ಇಲ್ಲಿರಬಹುದು. ಗದಗದವರು ಕಾಸರಗೋಡಿಗೆ ಬಂದದ್ದಕ್ಕೂ ನಾನು ಇಲ್ಲಿಗೆ ಬಂದದ್ದಕ್ಕೂ ಏನೂ ವ್ಯತ್ಯಾಸ ಇಲ್ಲ. ಇಲ್ಲಿ ನಾನೂ ಕೋಣೆ ಹಂಚಿಕೊಂಡು ಇದ್ದೇನೆ, ತಿಂಗಳ ಕೊನೆಗೆ ಮನೆಗೆ ಹಣ ಕಳಿಸುತ್ತೇನೆ. ಬೇಕಾದರೆ ಮಕ್ಕಳ ಹತ್ತಿರ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತೇನೆ. ಶುಕ್ರವಾರ ನನಗೆ ರಜೆ.

ಹಾಂ, ಉಪ್ಪಳದಲ್ಲಿ ಬಸ್ ನಿಲ್ಲಿಸಿ ಚಹಾ ಕುಡಿಯಿರಿ. ಅಲ್ಲಿನ ಹನಫಿ ಪಂಥದ ಮುಸ್ಲಿಂ ಮನೆಗಳ ಮಾತು ಉರ್ದು. ಅಂಗಡಿಯವರು ಗಿರಾಕಿ ನೋಡಿ ಭಾಷೆ ಬದಲಿಸುವುದನ್ನು ಮಕ್ಕಳು ಸುಮ್ನೆ ಕೂತು ಕೇಳಲಿ.

ಬಂದಡ್ಕ ಜೀಪು:

ಎಲ್ಲರೂ ಕಡಲಿನ ಬದಿಯನ್ನೇ ಬರೆಯುತ್ತಿದ್ದೀರಿ. ಗುಡ್ಡದ ಕಡೆಗೂ ಬನ್ನಿ ಮಾರಾಯ್ರೇ. ನಮ್ಮದು ಕನ್ನಡ ಆಡುವ ಗೌಡರ ಮನೆ. ನೆರೆಕರೆಯಲ್ಲಿ ಅರ್ಧಕ್ಕರ್ಧ ಪಾಲಾ, ಕೋಟ್ಟಯಂ ಕಡೆಯಿಂದ ಬಂದವರು. ನಾವು ಅವರನ್ನು ಚೇಟ್ಟನ್ಮಾರು (ಮಲಯಾಳದಲ್ಲಿ ಅಣ್ಣಂದಿರು) ಅಂತಲೇ ಕರೆಯುವುದು.

ಬಂದಡ್ಕ, ಕೋಳಿಚಾಲು ದಾರಿಯಾಗಿ ರಾಜಪುರಕ್ಕೆ ಹೋಗಿ. ಅಲ್ಲಿ 1943ರಲ್ಲಿ ಕೋಟ್ಟಯಂ ಕಡೆಯ ಕ್ನಾನಾಯ ಪಂಗಡದ ಕ್ರೈಸ್ತರು ಒಟ್ಟಾಗಿ ಬಂದು ಕಾಲೊನಿ ಮಾಡಿದರು. ಯುದ್ಧದ ಕಾಲ. ತಿರುವಾಂಕೂರಿನಲ್ಲಿ ಅಕ್ಕಿಗೆ ತತ್ವಾರ, ಜಾಗ ಸಾಲದು. ಇಲ್ಲಿ ಕಡಿಮೆ ಬೆಲೆಗೆ ಭೂಮಿ ಸಿಗುತ್ತಿತ್ತು. ಇದ್ದಬದ್ದ ಆಸ್ತಿ ಮಾರಿ ರೈಲು ಹತ್ತಿದವರು. ಮೊದಲು ಮರಗೆಣಸು, ಭತ್ತ, ಮಜ್ಜಿಗೆಹುಲ್ಲು. ರಬ್ಬರ್ ಆಮೇಲೆ. ಮಲೇರಿಯಾದಲ್ಲಿ ಸತ್ತವರು ತುಂಬ. ಇಗರ್ಜಿಯ ಹಿಂದೆ ಹಳೇ ಸಮಾಧಿಗಳನ್ನು ತೋರಿಸಲು ಹೇಳಿ, ಪಾದ್ರಿಯವರು ಬೇಡ ಅನ್ನಲಿಕ್ಕಿಲ್ಲ.

ನಮ್ಮ ಪಕ್ಕದ ಮನೆಯ ಅಮ್ಮಚ್ಚಿ ಚಿಕ್ಕ ಹುಡುಗಿಯಾಗಿ ಬಂದವರು. ಅವರು ಹೇಳುವುದು ಇಷ್ಟೇ: ರಾತ್ರಿ ಕಾಡುಹಂದಿ ಓಡಿಸಲು ಅಪ್ಪ ಅಟ್ಟಳಿಗೆಯಲ್ಲಿ ಡಬ್ಬ ಬಡಿಯುವುದು, ಕೆಳಗೆ ಅಮ್ಮ ಜ್ವರದಲ್ಲಿ ನಡುಗುತ್ತಾ ಜಪಮಾಲೆ ಹೇಳುವುದು. ಗೆಣಸಿನ ಮೊದಲ ಬೆಳೆ ಹಂದಿಯ ಪಾಲಾಯಿತಂತೆ. ಉಪ್ಪು, ಅಕ್ಕಿ ಸಾಲ ಕೊಟ್ಟದ್ದು ನನ್ನ ಅಜ್ಜನ ಮನೆಯವರು. ಅದನ್ನು ಅವರು ಇವತ್ತಿಗೂ ಪ್ರತಿ ಕ್ರಿಸ್‌ಮಸ್ಸಿಗೆ ಕೇಕ್ ತಂದು ಕೊಡುವಾಗ ಹೇಳುತ್ತಾರೆ.

ಒಂದು ಮಾತ್ರ ನೆನಪಿಡಿ. ಅವರು ಬಂದದ್ದು ಖಾಲಿ ಕಾಡಿಗೆ ಅಂತ ಮಕ್ಕಳಿಗೆ ಹೇಳಬೇಡಿ. ಮಾವಿಲರು, ಮಲವೆಟ್ಟುವರು ಅನ್ನುವ ಆದಿವಾಸಿಗಳು ಇಲ್ಲಿ ಮೊದಲೇ ಇದ್ದರು. ಮಾವಿಲರ ಮನೆಮಾತು ತುಳು. ಕುಮೇರಿ ಬೇಸಾಯ (ಕಾಡು ಕಡಿದು ಸುಟ್ಟು ಬೆಳೆಯುವುದು) ಮಾಡಿಕೊಂಡಿದ್ದ ಜಾಗ ಒಂದೊಂದೇ ಬೇಲಿಯೊಳಗೆ ಹೋಯಿತು. ಚೇಟ್ಟನ್ಮಾರು ಕಷ್ಟಪಟ್ಟದ್ದೂ ನಿಜ, ಇವರ ಕಾಲಡಿಯ ಮಣ್ಣು ಜಾರಿದ್ದೂ ನಿಜ. ನಿಮ್ಮ ತರಗತಿಯ ಕೊರಗ ಹುಡುಗಿ ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ. ಎರಡೂ ಮನೆಯವರ ಬಾಯಿಂದ ಕೇಳಿಸಿ. ಮೊದಲೇ ತಿಳಿಸಿದರೆ ನಾನು ಮಾತಾಡಿ ಇಡುತ್ತೇನೆ.

ಬಾಯಾರು ತೋಟ:

ಮೂರನೆಯ ದಿನ ಸಿಗುವುದಾದರೆ ನಮ್ಮ ಕಡೆ ಸುರಂಗ ನೋಡಲು ಬನ್ನಿ. ಬಾಯಾರು, ಶೇಣಿ, ಎಣ್ಮಕಜೆ ಎಲ್ಲ ಕಡೆ ಗುಡ್ಡದ ಬುಡದಲ್ಲಿ ಅಡ್ಡಕ್ಕೆ ತೋಡಿದ ಸುರಂಗಗಳಿವೆ. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ. ತೋಡುವಾಗ ಒಳಗೆ ದೀಪ ಒಯ್ಯುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದು ಅಂತ ಹೊರಗೆ ಬರಬೇಕು. ನೀರು ತಾನಾಗಿ ಹರಿದು ಕೆರೆಗೆ ಬೀಳುತ್ತದೆ, ಪಂಪೂ ಬೇಡ ಕರೆಂಟೂ ಬೇಡ. ಇರಾನಿನ ಕನಾತ್ ಅನ್ನುವ ನೆಲದಡಿಯ ಕಾಲುವೆಗೂ ಇದಕ್ಕೂ ಹೋಲಿಕೆ ಇದೆ. ಕಡಲ ವ್ಯಾಪಾರದ ಜೊತೆ ಈ ವಿದ್ಯೆ ಅಲ್ಲಿಂದಲೇ ಬಂತು ಅನ್ನುವವರು ಇದ್ದಾರೆ, ನಮ್ಮ ಮುರಕಲ್ಲು (ಕೆಂಪುಕಲ್ಲು) ಗುಡ್ಡಕ್ಕೆ ತಕ್ಕ ಹಾಗೆ ಇಲ್ಲೇ ಹುಟ್ಟಿತು ಅನ್ನುವವರೂ ಇದ್ದಾರೆ. ಮಕ್ಕಳು ಎರಡೂ ಪಕ್ಷ ಕಟ್ಟಿ ವಾದ ಮಾಡಲಿ, ಒಳ್ಳೆಯ ತರಗತಿಯಾಗುತ್ತದೆ. ಒಳಗೆ ಮಾತ್ರ ಬಿಡಬೇಡಿ, ಸುರಂಗದ ಬಾಯಿಯ ಹತ್ತಿರ ನಿಲ್ಲಿಸಿಯೇ ತೋರಿಸಿ. ಬಾವಲಿ, ಹಾವು ಇರುತ್ತವೆ.

ಬದಿಯಡ್ಕದ ಟೀಚರ್:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಓದುತ್ತಾ ಓದುತ್ತಾ ನನ್ನ ಪ್ಲಾನೇ ಬದಲಾಯಿತು.

ಮಾಷ್ಟ್ರೇ, ಬಡಗಿನ ದಿನ ನೀವು ಹೇಳಿದ ಹಾಗೆಯೇ ಇಟ್ಟುಕೊಂಡೆ. ಬಸದಿ ಬಿಟ್ಟು ಉದ್ಯಾವರಕ್ಕೆ ಜಾಸ್ತಿ ಸಮಯ. ತೆಂಕಿನ ದಿನ ತಳಂಗರೆ ಮತ್ತು ಬೇಕಲ ಮಾತ್ರ. ನಡುವೆ ವಿದ್ಯಾನಗರದ ನೇಕಾರರ ಸೊಸೈಟಿಗೂ ಹೋಗೋಣ ಅಂತಿದ್ದೇನೆ. ಕಾಸರಗೋಡು ಸೀರೆ ನೇಯುವ ಶಾಲಿಯರದ್ದೂ ಬೇರೆ ಕಡೆಯಿಂದ ಬಂದು ನೆಲೆಸಿದ ಕಥೆಯೇ. ಸೊಸೈಟಿ 1938ರದ್ದು. ನಮ್ಮ ಮಕ್ಕಳು ಮಗ್ಗ ಓಡುವುದನ್ನು ಕಣ್ಣಾರೆ ನೋಡಿಲ್ಲ. ಬಂದಡ್ಕದ ಅಣ್ಣಾ, ರಾಜಪುರ ಈ ಸಲ ಕಷ್ಟ, ಬಸ್ಸಿನವರು ಅಷ್ಟು ದೂರ ಒಪ್ಪುತ್ತಿಲ್ಲ. ಫೆಬ್ರವರಿಯಲ್ಲಿ ಅದಕ್ಕೇ ಒಂದು ದಿನ ಇಡುತ್ತೇನೆ, ನಿಮ್ಮನ್ನು ಖಂಡಿತ ಕೇಳುತ್ತೇನೆ. ಸುರಂಗ ನಮಗೆ ಹತ್ತಿರವೇ, ಒಂದು ಶನಿವಾರ ಬೆಳಿಗ್ಗೆ ಸಾಕು.

ಗದಗದ ಹುಡುಗನ ಅಪ್ಪನನ್ನು ಮನೆಗೇ ಹೋಗಿ ಕರೆದೆ. ‘ನಮ್ದೇನ್ ಐತ್ರೀ ಹೇಳಾಕ’ ಅಂತ ಮೊದಲು ಸಂಕೋಚಪಟ್ಟರು. ಕೊನೆಗೆ ಭಾನುವಾರ ಕೋರೆ ರಜೆ, ಬಿಡುವಾಗಿ ಬರ್ತೀನಿ ಅಂದರು. ಶಾಲೆಗೂ ಅಂದು ರಜೆ. ಆದರೂ ಮಕ್ಕಳು ಬರುತ್ತೇವೆ ಅಂದಿದ್ದಾರೆ. ಶಾರ್ಜಾದ ಅಣ್ಣಾ, ನಿಮ್ಮ ಕಾಲ್ ಶುಕ್ರವಾರ ಮಧ್ಯಾಹ್ನದ ಮೇಲೆ ಇಡಬಹುದಾ? ಆ ಹೊತ್ತಿಗೆ ನಿಮ್ಮ ಜುಮಾ ಮುಗಿದಿರುತ್ತದಾ, ತಿಳಿಸಿ.

ಎರಡು ಸಣ್ಣ ಪ್ರಶ್ನೆ ಉಳಿದಿವೆ. ಬೇಕಲದಲ್ಲಿ ಟಿಕೆಟ್ ಹೇಗೆ? ಮಧ್ಯಾಹ್ನದ ಊಟ ಎಲ್ಲಿ?

ಮಂಜೇಶ್ವರದ ಮಾಷ್ಟ್ರು:

ಬೇಕಲ ಕೋಟೆ ಪುರಾತತ್ವ ಇಲಾಖೆಯದ್ದು, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಂಬತ್ತನೆಯವರಲ್ಲಿ ಕೆಲವರಿಗೆ 15 ತುಂಬಿರುತ್ತದೆ, ಹಾಗಾಗಿ ಹುಟ್ಟಿದ ತಾರೀಕು ಇರುವ ಪಟ್ಟಿಗೆ ಹೆಡ್‌ಮಾಸ್ಟರರ ಸಹಿ ಹಾಕಿಸಿ ಒಯ್ಯಿರಿ. ಕೋಟೆಯೊಳಗೆ ನೆರಳು ಕಡಿಮೆ, ಮೂರೂವರೆಯ ಮೇಲೆ ಹೋದರೆ ಒಳ್ಳೆಯದು. ಟೋಪಿ, ನೀರಿನ ಬಾಟಲಿ ಎಲ್ಲರಿಗೂ ಕಡ್ಡಾಯ ಮಾಡಿ.

ಊಟಕ್ಕೆ ಹೋಟೆಲ್ ಬೇಡ. ಮಕ್ಕಳು ಅವರವರ ಮನೆಯಿಂದ ಬುತ್ತಿ ತರಲಿ, ಗುಂಪಲ್ಲಿ ಕೂತು ಹಂಚಿಕೊಳ್ಳಲಿ. ಕೊಂಕಣಿಯವರ ದಾಳಿತೋಯ, ಹವ್ಯಕರ ತಂಬುಳಿ, ಬ್ಯಾರಿಗಳ ಪತ್ತಿರಿ, ಗದಗದ ಜೋಳದ ರೊಟ್ಟಿ ಎಲ್ಲ ಒಂದೇ ಕಡೆ ಸಿಗುತ್ತದೆ. ಮೀನು ಮಾಂಸ ತಿನ್ನದ ಮಕ್ಕಳು ಇರುತ್ತಾರೆ, ಅವರಿಗೆ ಮುಜುಗರ ಆಗದ ಹಾಗೆ ಆವತ್ತು ಎಲ್ಲರೂ ತರಕಾರಿಯದ್ದೇ ತರಲಿ ಅಂತ ಮೊದಲೇ ಹೇಳಿಬಿಡಿ. ಬಡಗಿನ ದಿನ ಮಂಜೇಶ್ವರದಲ್ಲಿ ಕೂತು ತಿನ್ನಲು ನೆರಳು, ಕೈ ತೊಳೆಯಲು ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಇರುವ ಜಾಗ ನಾನು ನೋಡಿ ಇಡುತ್ತೇನೆ. ತಾರೀಕು ಗೊತ್ತಾದ ಕೂಡಲೇ ಇಲ್ಲೇ ಬರೆಯಿರಿ.